ಹದಿನೇಳನೇ ನಂಬರಿನ ಬಿಲ್ಲೆ

ಸಿನಿಮಾ ಹೆಂಗಿದೆ ಅಂತ ನನ್ನ ಕೇಳ್ತೀರ.
ನಾನು ನೋಡಿದ್ದು ಒಂದೂ ಇಲ್ಲ, ಸ್ವಾಮಿ.
ಶಿಡ್ಲಘಟ್ಟದ ಟಾಕೀಸಿನ ಪಕ್ಕ, ತಗಡಿನ ಕೆಳಗೆ,
ಹತ್ತೊಂಬತ್ತು ವರ್ಷ ಸೈಕಲ್ಲು ಕಾದವಳು.
ಗೋಡೆಯಾಚೆ ಯಾರೋ ಅಳ್ತಾರೆ, ಯಾರೋ ಗುಂಡು ಹಾರಿಸ್ತಾರೆ,
ನಾನು ಸೀಟಿನ ಮೇಲೆ ಸೀಮೆಸುಣ್ಣದಲ್ಲಿ ನಂಬರು ಬರೀತಿರ್ತೀನಿ.

ಆದರೂ ಹೇಳ್ತೀನಿ, ಕೇಳಿ.
ನನ್ನ ಲೆಕ್ಕ ಆಟ ಬಿಟ್ಟ ಮೇಲಿನದು.

ಹೊಡೆದಾಟದ್ದಾದರೆ ಸ್ಟ್ಯಾಂಡನ್ನ ಒದ್ದು ತೆಗೀತಾರೆ.
ಒಂದು ಸೈಕಲ್ಲು ಬಿದ್ದರೆ ಸಾಲೇ ಬೀಳುತ್ತೆ,
ಆಮೇಲೆ ಅಲ್ಲೇ ಇನ್ನೊಂದು ಫೈಟು, ಟಿಕೀಟಿಲ್ಲದ್ದು.
ಇಂಥವು ನೂರು ದಿನ ಓಡ್ತವೆ. ನನಗೇನು ಬೇಜಾರಿಲ್ಲ,
ಮಗಳಿಗೆ ಬೆಂಡೋಲೆ ಮಾಡಿಸಿದ್ದು ಅಂಥದೊಂದು ತೆಲುಗಿನದರಲ್ಲಿ.
ಚೆನ್ನಾಗಿತ್ತಾ? ಬೆಂಡೋಲೆ ಚೆನ್ನಾಗಿದೆ.

ದೆವ್ವದ್ದು ಬಂದ ವಾರ ಮೊದಲು ಯಾರೂ ಹೊರಡಲ್ಲ.
ಮೇಲೂರಿನ ಕಡೆಯೋರು ಮೇಲೂರಿನೋರಿಗೇ ಕಾಯ್ತಾರೆ,
ಡೈನಮೊ ಸರಿಯಿದೆಯಾ ಅಂತ ಚಕ್ರ ತಿರುಗಿಸಿ ನೋಡ್ತಾರೆ,
ಬೀಡಿ ಹಚ್ಚಿ ಜೋರಾಗಿ ನಗ್ತಾರೆ.
ಆ ನಗುವಿನ ಮೇಲೆ ನಾನು ಮಾರ್ಕು ಕೊಡ್ತೀನಿ.
ಒಂದು ಸಲ ಹೈಸ್ಕೂಲಿನ ಡ್ರಿಲ್ ಮೇಷ್ಟ್ರು,
"ಅಕ್ಕಯ್ಯಮ್ಮ, ನೀವು ಯಾವ ಕಡೆ ಹೋಗೋದು?" ಅಂದರು.
ಅದು ಭಾರೀ ಸಿನಿಮಾ.

ದೇವರದ್ದು ಬಂದರೆ ಚಿಲ್ಲರೆ ಸರಿಯಾಗಿ ಕೊಡ್ತಾರೆ, ಎರಡು ದಿನ.

ಪ್ರೀತೀದರಲ್ಲಿ ಹುಡುಗಿ ಸತ್ತರೆ
ಹುಡುಗರು ಹತ್ತದೆ, ತಳ್ಕೊಂಡೇ ಹೋಗ್ತಾರೆ
ಬಸ್ ಸ್ಟ್ಯಾಂಡಿನ ತನಕ.
ಅಲ್ಲಿ ಬೋಂಡದ ವಾಸನೆ ಬಂದದ್ದೇ ಹತ್ತಿಬಿಡ್ತಾರೆ.

ಅಳಿಸೋ ಸಿನಿಮಾನ ಮಾತ್ರ ನಂಬಬೇಡಿ.
ಕಣ್ಣು ಕೆಂಪಗೆ ಮಾಡ್ಕೊಂಡು, ಮೂಗೊರೆಸ್ಕೊಂಡು ಬಂದು
ಕಾಸು ಆಗಲೇ ಕೊಟ್ಟಿದೀನಿ ಅಂತ ಸುಳ್ಳು ಹೇಳಿದೋರು
ಎಲ್ಲಾ ಅಂಥದ್ದು ನೋಡಿದೋರೇ.

ಈಗ ಆ ಮೂರು ದಿನದ್ದು.
ಗೂಡಿನ ರೇಟು ಬಿದ್ದಿದ್ದ ವಾರ. ಬರಬೇಕಿದ್ದ ಪೆಟ್ಟಿಗೆ
ಚಿಂತಾಮಣೀಲೇ ನಿಂತು, ಮ್ಯಾನೇಜರು
ಯಾವುದೋ ಕಪ್ಪು ಬಿಳುಪಿನದನ್ನ ಹಾಕಿದ್ರು.
ಪೋಸ್ಟರಿನಲ್ಲಿ ಒಂದು ಬಾವಿ, ಒಂದು ಕೊಡ, ಒಬ್ಬ ಹೆಂಗಸಿನ ಬೆನ್ನು.
ಕೊನೇ ದಿನ ಎರಡನೇ ಆಟಕ್ಕೆ ಹನ್ನೊಂದು ಸೈಕಲ್ಲು.
ಇಂಟರ್‌ವಲ್ಲಲ್ಲೇ ಏಳು ಹೋದವು.
ಬಿಟ್ಟ ಮೇಲೆ ಮೂರು.
ಒಂದು ಉಳೀತು.
ನೂಲು ಬಿಚ್ಚೋ ಗೌಸ್ ಪೀರಂದು, ಕ್ಯಾರಿಯರಿಗೆ ಹಳೇ ಟ್ಯೂಬು ಸುತ್ತಿದ್ದು,
ಎಷ್ಟು ತೊಳೆದರೂ ಹುಳದ ವಾಸನೆ ಬಿಡದ್ದು.
ನಂಬರು ಹದಿನೇಳು. ಅವನಿಗೆ ಯಾವಾಗಲೂ ಅದೇ ಬಿಲ್ಲೆ ಆಗಬೇಕು.

ಗೇಟು ಹಾಕೋ ತನಕ ಕೂತೆ.
ಆಮೇಲೆ ಚೈನು ಸುತ್ತಿ ಕಂಬಕ್ಕೆ ಬಿಗಿದೆ.

ಬೆಳಗ್ಗೆ ಬಂದ. ಬೆರಳ ತುದಿಗಳು
ಬಿಸಿನೀರಿಗೆ ಬೆಳ್ಳಗೆ ಸುಕ್ಕಿದ್ದವು.
ಏನಪ್ಪ, ಸಿನಿಮಾ ಹೆಂಗಿತ್ತು ಅಂದೆ.
"ದಂಡ ಅಕ್ಕ. ದುಡ್ಡು ನೀರಿಗೆ ಹಾಕ್ದಂಗೆ.
ಒಂದು ಫೈಟಿಲ್ಲ, ಒಂದು ಹಾಡಿಲ್ಲ.
ಒಬ್ಬಳು ಬಾವೀಲಿ ನೀರು ಸೇದ್ತಾಳೆ."
ಆಮೇಲೆ?
"ಕೊಡ ಎತ್ಕೊಂಡು ಹೋಗ್ತಾಳೆ."
ಆಮೇಲೆ?
"ಹೋಗ್ತಾನೇ ಇರ್ತಾಳೆ."
ಹ್ಯಾಂಡಲ್ಲು ಒರೆಸ್ತಾ ನಿಂತ, ಒರೆಸಿದ್ದನ್ನೇ ಒರೆಸ್ತಾ.

ಅವನ ಮನೆ ಮೂರು ಮೈಲಿ, ಹಂಡಿಗನಾಳ ದಾಟಿ.
ಅಷ್ಟು ದೂರ ನಡೆದು, ಕದ ತಟ್ಟೋಕೆ ಕೈ ಎತ್ತಿದಾಗ
ಅಂಗೈಲಿ ಬಿಲ್ಲೆ ಕಂಡಿತಂತೆ.

ಬಾಯಿಗೂ ಕಾಲಿಗೂ ಒಂದೇ ಅಭಿಪ್ರಾಯ ಇರಬೇಕು ಅಂತೇನಿಲ್ಲವಲ್ಲ.

ರಾತ್ರಿ ನಿಲ್ಲಿಸಿದರೆ ಡಬಲ್, ಬೋರ್ಡಿನಲ್ಲೇ ಬರೆದಿದೆ.
ನಾಲ್ಕಾಣೆಗೆ ನಾಲ್ಕೂರು ಕೇಳೋ ಹಂಗೆ ಕೂಗಾಡೋ ಮನುಷ್ಯ
ಎಣಿಸದೆ ಕೊಟ್ಟ.
ನಾನೂ ಎಣಿಸದೆ ಸೆರಗಿಗೆ ಕಟ್ಟಿದೆ.

ಅಷ್ಟೊತ್ತಿಗೆ ಅಂಟಿನ ಬಕೆಟ್ಟು ಹಿಡ್ಕೊಂಡು ಹುಡುಗ ಬಂದು
ಆ ಹೆಂಗಸಿನ ಬೆನ್ನಿನ ಮೇಲೆ
ಕತ್ತಿ ಹಿಡಿದವನ ಮುಖ ಬಳೀತಿದ್ದ.
ಕೊಡ ಮಾತ್ರ ಒಂದು ಮೂಲೇಲಿ ಉಳ್ಕೊಂಡಿತ್ತು,
ಇನ್ನೊಂದು ಮಳೆ ಬರೋ ತನಕ.